ಅಟ್ಟದ ಮೇಲಿನ ಸಾಮಾನು



ಬಯಲುಸೀಮೆಯವರು ಒಂದು ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು ಹತ್ತು ವರ್ಷ ಮರೆತರೂ ಅದು ಸೀರೆಯಾಗಿಯೇ ಉಳಿದೀತು. ನಮ್ಮ ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಆ ಮಾತಿಲ್ಲ. ಗಾಳಿಯ ತೇವಾಂಶ ಶೇಕಡಾ 70ನ್ನು ದಾಟಿ ನಿಂತರೆ ಬಟ್ಟೆ, ಚರ್ಮ, ಕಾಗದಗಳ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಅದಕ್ಕಿಂತ ಒಣಗಿದ ದಿನಗಳೇ ಅಪರೂಪ. 'ಮುಂದೆ ಬೇಕಾದೀತು' ಎಂದು ಅಟ್ಟಕ್ಕೇರಿಸಿದ ವಸ್ತು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಮಗೂ ಇಲ್ಲ, ಇನ್ನೊಬ್ಬರಿಗೂ ಇಲ್ಲ.

ಆದ್ದರಿಂದ ಕೊಡುವುದಕ್ಕೂ ಕಾಲ ನೋಡಬೇಕು. ನಾವು ಮನೆ ಗುಡಿಸಿ ಸಾರಿಸುವುದು ಚೌತಿಗೆ. ಅಷ್ಟರಲ್ಲಿ ಮಳೆ ತನ್ನ ಕೆಲಸ ಮುಗಿಸಿರುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲೇ ಅಟ್ಟ ಇಳಿಸಿ. ಶಾಲೆಯ ಚೀಲ, ಕೊಡೆ, ರೇನ್‌ಕೋಟು ಇವು ಜೂನ್‌ಗೆ ಮೊದಲು ಕೈಸೇರಿದರೇ ಚೆಂದ. ಭಟ್ಕಳದ ಎಷ್ಟೋ ಮನೆಗಳಲ್ಲಿ ಕೊಲ್ಲಿ ದೇಶಗಳಿಂದ ಬಂದ ದಪ್ಪ ಕಂಬಳಿಗಳು ಮಡಿಕೆ ಬಿಚ್ಚದೆ ಕುಳಿತಿವೆ. ನಮ್ಮ ಸೆಕೆಗೆ ಅವನ್ನು ಯಾರು ಹೊದೆದಾರು? ಘಟ್ಟ ಹತ್ತಿದರೆ ಸಿದ್ದಾಪುರ, ಯಲ್ಲಾಪುರಗಳ ಡಿಸೆಂಬರ್ ಚಳಿ ಕಾದಿದೆ.

ನೆರೆಯ ಮಾತು ಬೇರೆ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಜೀವ ಕಳೆದುಕೊಂಡರು. ಅಘನಾಶಿನಿ, ಗುಂಡಬಾಳ ಹೊಳೆಗಳ ದಂಡೆಯವರಿಗಂತೂ ನೆರೆ ಹೊಸದಲ್ಲ. ನೀರಿಳಿದ ಮನೆಗೆ ಮೊದಲು ಬೇಕಾದದ್ದು ಮುಚ್ಚಳವಿರುವ ಪಾತ್ರೆ, ಬಕೆಟ್, ಚಾಪೆ, ಒಣಗಿದ ಪಂಚೆ, ಒಳಉಡುಪು. ನಾವು ಕಳಿಸುವುದೋ, ಜರಿ ಹರಿದ ಸೀರೆ! 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹೀಗೆ ಬಂದ ಹಳೆಬಟ್ಟೆ ರಸ್ತೆಬದಿಯಲ್ಲಿ ರಾಶಿ ಬಿದ್ದಿತ್ತು. ಸಂತ್ರಸ್ತರಲ್ಲಿ ಅನೇಕರು ಬೇಡವೆಂದರು. ದೆಹಲಿಯ ಗೂಂಜ್ ಸಂಸ್ಥೆ ಅದನ್ನು ಎತ್ತಿ, ವಿಂಗಡಿಸಿ ಬಳಕೆಗೆ ತರಬೇಕಾಯಿತು. ಕೊಡುವವರ ಅಟ್ಟ ಖಾಲಿಯಾಯಿತು, ಅಷ್ಟೆ. ಒಗೆದು, ಗುಂಡಿ ಹೊಲಿದು, ಚಪ್ಪಲಿಯ ಜೋಡಿ ಕಟ್ಟಿ, 'ನಿಮಗೆ ಇದು ಆಗುತ್ತದೆಯೇ' ಎಂದು ಕೇಳಿ ಕೊಡುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯದು. ಬೇಡವೆನ್ನುವ ಹಕ್ಕು ಪಡೆಯುವವರಿಗೂ ಇದೆಯಲ್ಲವೇ?

ಕೊನೆಗೆ ನನ್ನ ಕಸುಬಿಗೆ ಹತ್ತಿರದ ವಸ್ತು: ಹಳೆಯ ಡಬ್ಬಾ ಟಿ.ವಿ. ಅದರ ಆಂಟೆನಾ ಇನ್ನು ಕಾಗೆ ಕೂರಲು ಮಾತ್ರ. ದೂರದರ್ಶನದ ಭೂಮಟ್ಟದ ಅನಲಾಗ್ ಪ್ರಸಾರಕಗಳು 2022ರ ಹೊತ್ತಿಗೆ ಬಹುತೇಕ ಮುಚ್ಚಿದವು. ಚಿತ್ರ ಚೆನ್ನಾಗಿ ಮೂಡುವ ಸೆಟ್ಟಾದರೆ ಡಿಡಿ ಫ್ರೀ ಡಿಶ್‌ನ ಪೆಟ್ಟಿಗೆ, ತಟ್ಟೆಗಳನ್ನೂ ಜೊತೆಗೂಡಿಸಿ ಕೊಡಿ. ಅದಕ್ಕೆ ತಿಂಗಳ ಶುಲ್ಕವಿಲ್ಲ. ಕೆಟ್ಟ ಸೆಟ್ಟನ್ನು ಮಾತ್ರ ಬಡವರಿಗೆ ದಾನವೆಂದು ದಾಟಿಸಬೇಡಿ. ದೊಡ್ಡ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಒಂದು ಕಿಲೋಗೂ ಮಿಕ್ಕಿ ಸೀಸ ಇರಬಹುದು. ಗುಜರಿಯವರು ತಾಮ್ರದ ಸುರುಳಿ ಕಿತ್ತುಕೊಂಡು ಗಾಜನ್ನು ಒಡೆದು ಎಸೆದರೆ ಅದು ಯಾರದೋ ಬಾವಿಯ ಪಕ್ಕದಲ್ಲಿ ಬೀಳುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಹೊಸ ಟಿ.ವಿ. ಕೊಳ್ಳುವ ದಿನವೇ ಅಂಗಡಿಯವರನ್ನು ಆ ಬಗ್ಗೆ ಕೇಳಿ. ಹಣ ಎಣಿಸುವ ಮುಂಚೆ ಕೇಳಿದರೆ ಉತ್ತರ ಬೇಗ ಸಿಗುತ್ತದೆ.