ನೂರ ಮೂರು ವರ್ಷ ಬಾಳಿದ ಮೇಷ್ಟ್ರು
(ಜ್ಞಾನಭಾರತಿಯಲ್ಲಿ ನಡೆದ ಸ್ಮರಣ ಸಭೆಯಲ್ಲಿ ಮಾಡಿದ ಭಾಷಣ)



ಎಚ್.ಎಸ್. ದೊರೆಸ್ವಾಮಿಯವರ ಚಿತ್ರಕ್ಕೆ ಹಾರ ಹಾಕಿದ್ದೇವೆ. ಹಾರ ಹಾಕುವುದು ಸುಲಭದ ಕೆಲಸ. ಅವರು ಹಾರ ಹಾಕಿಸಿಕೊಂಡು ಸುಮ್ಮನೆ ಕೂತವರಲ್ಲ ಎಂಬುದನ್ನು ಹೇಳಲೆಂದೇ ನಾನು ಎದ್ದು ನಿಂತಿದ್ದೇನೆ.

ಅವರು ಹುಟ್ಟಿದ್ದು 1918ರ ಏಪ್ರಿಲ್ 10ರಂದು, ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಹೋದರು, ಸಾಕಿದವರು ತಾತ. ಬೆಂಗಳೂರಿನಲ್ಲಿ ಓದಿ ಹೈಸ್ಕೂಲು ಮೇಷ್ಟ್ರಾದರು. ನಾನೂ ಪಾಠ ಹೇಳಿ ಬದುಕಿದವನು. ತಿಂಗಳ ಸಂಬಳದ ಆಸರೆ ಬಿಡುವುದು ಎಂಥ ಕಷ್ಟವೆಂದು ಬಲ್ಲೆ. ಅವರು 1942ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲೇ, ಕ್ವಿಟ್ ಇಂಡಿಯಾ ಚಳವಳಿಗೆ ಇಳಿದರು. ಆಗ ಬಿನ್ನಿ, ಮಿನರ್ವ, ರಾಜಾ ಮಿಲ್ಲುಗಳಲ್ಲಿ ನಡೆದ ಮುಷ್ಕರದಲ್ಲಿ ಅವರ ಕೈಯಿತ್ತು. ಮಿಲ್ ಕಾರ್ಮಿಕರೆ, ಸ್ವಾತಂತ್ರ್ಯದ ಕಥೆಯಲ್ಲಿ ನಿಮ್ಮ ಹಿರಿಯರಿಗೂ ಪಾಲಿದೆ, ಮರೆಯಬೇಡಿ. ಆ ಮಿಲ್ಲುಗಳು ಇಂದಿಲ್ಲ. ರಾಜಾ ಮಿಲ್ಲಿನ ನೆಲದಲ್ಲಿ ಮಾಲ್ ಎದ್ದಿದೆ.

ಆ ವರ್ಷ ಡಿಸೆಂಬರಿನಲ್ಲಿ ಅವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಹೊರಬಂದ ಮೇಲೆ 'ಪೌರವಾಣಿ' ಪತ್ರಿಕೆ ನಡೆಸಿದರು. 1947ರಲ್ಲಿ ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. 'ಮೈಸೂರು ಚಲೋ' ಹೊತ್ತಿನಲ್ಲಿ ಪತ್ರಿಕೆಗೆ ಅಡ್ಡಿ ಬಂದಾಗ, ಸಂಸ್ಥಾನದ ಗಡಿ ದಾಟಿ ಹಿಂದೂಪುರದಿಂದ ಅದನ್ನು ಹೊರಡಿಸಿದರು.

ಸ್ವರಾಜ್ಯ ಬಂದಿತು. ಜೈಲಿಗೆ ಹೋಗಿಬಂದವರಲ್ಲಿ ಕೆಲವರು ಮಂತ್ರಿಗಳಾದರು. ಇವರು ಕುರ್ಚಿ ಹುಡುಕಿಕೊಂಡು ಹೋಗಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು, ನೀವು ಸರ್ವಾಧಿಕಾರಿಯಂತೆ ನಡೆಯುತ್ತಿದ್ದೀರಿ ಎಂದರು. ಫಲವೇನು? ಮತ್ತೆ ಜೈಲು. ಬ್ರಿಟಿಷರ ಕಾಲದಲ್ಲೂ ಕೈದಿ, ನಮ್ಮವರ ಕಾಲದಲ್ಲೂ ಕೈದಿ!

ವಯಸ್ಸು ತೊಂಬತ್ತು ದಾಟಿದ ಮೇಲೆ ಮನುಷ್ಯ ಮೊಮ್ಮಕ್ಕಳೊಡನೆ ಕೂರುತ್ತಾನೆ. ಇವರು 2014ರಲ್ಲಿ ಬೆಂಗಳೂರಿನ ಸರ್ಕಾರಿ ಭೂಮಿ ನುಂಗಿದವರ ವಿರುದ್ಧ ಟೌನ್‌ಹಾಲ್ ಮುಂದೆ 39 ದಿನ ಧರಣಿ ಕೂತರು. ಬಡವನಿಗೆ ಗುಡಿಸಲು ಹಾಕಲು ಅಂಗೈಯಗಲ ಜಾಗವಿಲ್ಲ, ಉಳ್ಳವನು ಕೆರೆಯನ್ನೂ ಬಿಡುವುದಿಲ್ಲ. ಇದು ನ್ಯಾಯವೆ? ಭೂಮಿ, ವಸತಿ ಇಲ್ಲದವರ ಹೋರಾಟಕ್ಕೆ ಅವರು ಕೊನೆಯವರೆಗೂ ಹೆಗಲು ಕೊಟ್ಟರು. ತಾವು ಮಾತ್ರ ಬಹುಕಾಲ ಬಾಡಿಗೆ ಮನೆಯಲ್ಲೇ ಇದ್ದರು.

2020ರಲ್ಲಿ ಶಾಸಕರೊಬ್ಬರು ಈ ಹಿರಿಯರನ್ನು ನಕಲಿ ಸ್ವಾತಂತ್ರ್ಯ ಹೋರಾಟಗಾರ ಎಂದರು. ಉತ್ತರ ಹೇಳಿದ್ದು ಹಳೆಯ ಜೈಲಿನ ದಾಖಲೆ. ಆ ಜೈಲೇ ಇಂದಿನ ಫ್ರೀಡಂ ಪಾರ್ಕ್. ಎಳೆಯ ಪ್ರಾಯದಲ್ಲಿ ಕೈದಿಯಾಗಿ ಹೊಕ್ಕ ಆವರಣಕ್ಕೆ ನೂರು ದಾಟಿದ ಮೇಲೂ ಧರಣಿಗೆಂದು ಬಂದರು. ಕೋವಿಡನ್ನೂ ಗೆದ್ದು ಮನೆಗೆ ಬಂದಿದ್ದರು; 2021ರ ಮೇ 26ರಂದು ಹೃದಯ ನಿಂತಿತು.

ಬಂಧುಗಳೆ, 'ನಮಗೆ ವಯಸ್ಸಾಯಿತು, ನಮ್ಮಿಂದೇನಾದೀತು?' ಎಂದು ನಮ್ಮಲ್ಲಿ ನಲವತ್ತರವರೂ ಹೇಳುವುದನ್ನು ಕೇಳಿದ್ದೇನೆ. ನಿವೇಶನಕ್ಕೆ ಅರ್ಜಿ ಕೊಟ್ಟು ಕಚೇರಿ ಅಲೆಯುತ್ತಿರುವವರು ಈ ಸಭೆಯಲ್ಲೇ ಇದ್ದಾರೆ. ತಳ್ಳುಗಾಡಿ ಎತ್ತಿಕೊಂಡು ಹೋಗುತ್ತಾರೆಂಬ ಭಯದಲ್ಲಿ ವ್ಯಾಪಾರ ಮಾಡುವವರೂ ಇದ್ದಾರೆ. ನಾಳೆ ಅವರು ಒಬ್ಬೊಬ್ಬರೇ ಅಲೆಯದಂತೆ ನಾಲ್ವರು ಜೊತೆಗೆ ಹೋಗೋಣ. ಮೇಷ್ಟ್ರ ನೆನಪಿಗೆ ಅದಕ್ಕಿಂತ ದೊಡ್ಡ ಹಾರ ಬೇಡ.