ಬಿಡಾರದ ರೌಟರ್: ಆಟಕ್ಕೂ ಅರ್ಜಿಗೂ ಒಂದೇ ತಂತಿ

(ಬೋಪಾಲಿನಲ್ಲಿ ಕೂಡಿದ್ದ ಹೋಟೆಲ್ ಹಾಗೂ ಗಿರಣಿ ಕೆಲಸಗಾರ ಬಂಧುಗಳ ಮುಂದೆ ಮಾಡಿದ ಭಾಷಣ)



ಈ ಹೊತ್ತು ಪಗಾರದ ಮಾತಿಲ್ಲ, ಬೋನಸ್ಸಿನ ಮಾತೂ ಇಲ್ಲ. ನಮ್ಮ ಬಿಡಾರದ ಗೋಡೆಗೆ ನೇತುಹಾಕಿರುವ, ಎರಡು ಕೊಂಬಿನ ಆ ಬಿಳಿ ಡಬ್ಬಿಯ ಮಾತು. ಅದರ ಹೆಸರು ರೌಟರ್. ತಿಂಗಳು ತಿಂಗಳು ನಾವೆಲ್ಲ ಚಂದಾ ಹಾಕಿ ಅದರ ಬಿಲ್ಲು ಕಟ್ಟುತ್ತೇವೆ. ಆದರೆ ಅದರ ಬಾಗಿಲು ತೆರೆದು ಒಳಗೇನಿದೆ ಎಂದು ನೋಡುವವರು ನಮ್ಮಲ್ಲಿ ವಿರಳ.

ನಾವಿರುವುದು ಬೋಪಾಲಿನಲ್ಲಿ. ಊರಿನವರು ‘ಮಧ್ಯಪ್ರದೇಶದ ಭೋಪಾಲವೇ?’ ಎಂದು ಕೇಳುತ್ತಾರೆ. ಅಲ್ಲ, ಇದು ಅಹಮದಾಬಾದಿನ ಪಶ್ಚಿಮದಂಚಿನ ಬೋಪಾಲ್, 2020ರಲ್ಲಿ ಮಹಾನಗರಪಾಲಿಕೆಗೆ ಸೇರಿದ್ದು. ದೇಶದ ಖಾಸಗಿ ಉಪಗ್ರಹ ಕಂಪನಿಗಳಿಗೆ ಅಪ್ಪಣೆ ಕೊಡುವ ಇನ್‌ಸ್ಪೇಸ್ ಕಚೇರಿ 2022ರಿಂದ ಇಲ್ಲಿಯೇ ಇದೆ. ಆಕಾಶದಿಂದ ಇಂಟರ್‌ನೆಟ್ ಇಳಿಸುವುದಕ್ಕೆ ಅಪ್ಪಣೆ ಬರೆದುಕೊಡುವ ಊರಿನಲ್ಲಿ, ಒಂಬತ್ತು ಜನರ ಒಂದು ಬಿಡಾರದಿಂದ ಒಂದು ಪಿ.ಎಫ್. ಅರ್ಜಿ ಹೊರಡುವುದಿಲ್ಲವೆಂದರೆ ಏನು ಹೇಳೋಣ!

ಹೊರಡದೆ ಇದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಡಿಗೆ ಭಟ್ಟರು ಮಗಳ ಮದುವೆಗೆಂದು ಪಿ.ಎಫ್. ಮುಂಗಡ ಕೇಳಲು ಕೂತಿದ್ದರು. ಪುಟ ತೆರೆಯಿತು, ಹನ್ನೆರಡು ಅಂಕಿಯ ಯು.ಎ.ಎನ್. ತುಂಬಿದರು, ಓ.ಟಿ.ಪಿ. ಬಂತು, ಅದನ್ನು ಒತ್ತುವಷ್ಟರಲ್ಲಿ ಚಕ್ರ ತಿರುಗುತ್ತ ತಿರುಗುತ್ತ ಹೊತ್ತು ಮೀರಿತು. ಮೂರು ಸಲ ಹೀಗೆಯೇ. ಮೂಲೆಯಲ್ಲಿ ಕ್ಲೀನರ್ ಹುಡುಗ ಫೋನಿನಲ್ಲಿ ಬಂದೂಕಿನ ಆಟ ಆಡುತ್ತಿದ್ದ.

‘ಆ ಗೇಮು ನಿಲ್ಲಿಸು ಮಾರಾಯ, ನನ್ನ ಕ್ಲೇಮು ಹೋಗುವುದಿಲ್ಲ.’

‘ಭಟ್ರೇ, ನನ್ನದೂ ಸಿಕ್ಕಿ ಸಿಕ್ಕಿ ನಿಲ್ಲುತ್ತಾ ಉಂಟು. ನೀವು ಅರ್ಜಿ ನಿಲ್ಲಿಸಿ ನೋಡುವ.’

ಕೈ ಕೈ ಹತ್ತುವುದೊಂದು ಬಾಕಿ. ನಿಜವಾಗಿ ಇಬ್ಬರದೂ ತಪ್ಪಲ್ಲ. ಊರಿನ ಕೋಲದ ವಿಡಿಯೋ ತೆಗೆದುಕೊಂಡು ಬಂದಿದ್ದ ಮೂರನೆಯವನೊಬ್ಬ ಮೂಲೆಯ ಚಾಪೆಯಲ್ಲಿ ಮಲಗಿ ನಿದ್ದೆ ಹೋಗಿದ್ದ. ಅವನ ಫೋನು ಮಾತ್ರ ಎಚ್ಚರವಾಗಿದ್ದು, ಆ ವಿಡಿಯೋಗಳನ್ನೆಲ್ಲ ತಾನೇ ತಾನಾಗಿ ಮೇಲಕ್ಕೆ ಏರಿಸುತ್ತಿತ್ತು.

ಬಂಧುಗಳೇ, ಬೆಳಗಿನ ಎಂಟು ಗಂಟೆಯ ಹೊತ್ತನ್ನು ನೆನೆಸಿಕೊಳ್ಳಿ. ಒಬ್ಬ ಬಂದು ಅರವತ್ತು ಮಸಾಲೆ ದೋಸೆ ಪಾರ್ಸೆಲ್ ಎನ್ನುತ್ತಾನೆ. ಅವನ ಹಿಂದೆ ನಿಂತವನಿಗೆ ಬೇಕಾದದ್ದು ಒಂದೇ ಒಂದು ಚಹಾ. ಬಂದ ಕ್ರಮದಲ್ಲಿಯೇ ಕೊಡುತ್ತೇವೆಂದರೆ ಚಹಾದವನು ಅರ್ಧ ತಾಸು ಕಾಯಬೇಕು. ಬುದ್ಧಿವಂತ ಸಪ್ಲಾಯರ್ ಹಾಗೆ ಮಾಡುವುದಿಲ್ಲ; ದೋಸೆಯ ನಡುವೆ ಚಹಾ ಕೊಟ್ಟು ಕಳಿಸುತ್ತಾನೆ. ವಿಡಿಯೋ ಏರಿಸುವುದು ಅರವತ್ತು ದೋಸೆ. ಆಟವೂ ಅರ್ಜಿಯೂ ಒಂದೊಂದು ಚಹಾ. ಒಂದು ಗಂಟೆಯ ಆಟಕ್ಕೆ ಬೇಕಾಗುವುದು ಒಂದು ಗಂಟೆಯ ಸಿನಿಮಾದ ಒಂದು ಸಣ್ಣ ಪಾಲು ಮಾತ್ರ. ಆದರೆ ಅದು ಆ ಕ್ಷಣಕ್ಕೇ ಸಿಗಬೇಕು. ಹೋಗಿ ಬರುವ ಈ ಹೊತ್ತಿಗೆ ಪಿಂಗ್ ಎನ್ನುತ್ತಾರೆ, ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಅದನ್ನು ಅಳೆಯುತ್ತಾರೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ಮುಂಬಯಿ ಸುಮಾರು 500 ಕಿಲೋಮೀಟರ್. ಹೋಗಿ ಬರಲು ಐದು ಪಾಲು ಸಾಕು. ಆಟದವನ ಫೋನು 300 ತೋರಿಸಿದರೆ ತಡವಾದದ್ದು ಬಹಳ ಸಲ ಮುಂಬಯಿಯ ದಾರಿಯಲ್ಲಲ್ಲ, ನಮ್ಮ ಬಿಡಾರದ ಸಾಲಿನಲ್ಲಿ.

ಇದಕ್ಕೆ ಕಂಪನಿಯವರ ಮದ್ದು ಒಂದೇ: ‘ಇನ್ನೂ ದೊಡ್ಡ ಪ್ಲಾನು ತೆಗೆದುಕೊಳ್ಳಿ.’ ನಮ್ಮ ಅಭಿಪ್ರಾಯದಲ್ಲಿ ಮೊದಲು ಡಬ್ಬಿಯ ಒಳಗೆ ನೋಡಬೇಕು, ಆಮೇಲೆ ಜೇಬಿಗೆ ಕೈ ಹಾಕಬೇಕು.

ಡಬ್ಬಿಯ ಅಡಿಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ 192.168.1.1 ಎಂದೋ 192.168.0.1 ಎಂದೋ ಅಂಕಿ. ವೈಫೈಗೆ ಸೇರಿರುವ ಫೋನಿನ ಬ್ರೌಸರಿನಲ್ಲಿ ಆ ಅಂಕಿ ಬರೆದರೆ ರೌಟರಿನ ಪುಟ ತೆರೆಯುತ್ತದೆ. ಅಲ್ಲಿ ಕ್ಯೂಓಎಸ್ ಎಂಬ ಮೂರಕ್ಷರದ ಜಾಗವಿದ್ದರೆ ಅದೇ ನಮ್ಮ ಬುದ್ಧಿವಂತ ಸಪ್ಲಾಯರ್. ಮೊದಲು ನಿಮ್ಮ ತಂತಿಯ ನಿಜವಾದ ವೇಗವನ್ನು ಅಳೆಯಿರಿ. ಅದರ ನೂರಕ್ಕೆ 85ರಿಂದ 90 ಪಾಲನ್ನು ಅಲ್ಲಿ ಮಿತಿಯೆಂದು ಬರೆಯಿರಿ. ‘ದುಡ್ಡು ಕೊಟ್ಟು ಕಡಿಮೆ ಮಾಡಿಕೊಳ್ಳುವುದೇ?’ ಎಂದು ಕೇಳುತ್ತೀರಿ. ಹೌದು. ಆಗ ಸಾಲು ಕಂಪನಿಯ ಡಬ್ಬಿಯಲ್ಲಿ ನಿಲ್ಲುವುದಿಲ್ಲ, ನಮ್ಮ ಗಲ್ಲೆಯ ಮುಂದೆ ನಿಲ್ಲುತ್ತದೆ. ಯಾರನ್ನು ಮುಂದೆ ಬಿಡಬೇಕೆಂಬುದು ನಮ್ಮ ಕೈಯಲ್ಲಿರುತ್ತದೆ. ಕಂಪನಿ ಕೊಟ್ಟ ಅಗ್ಗದ ಡಬ್ಬಿಗಳಲ್ಲಿ ಎಷ್ಟೋ ಸಲ ಈ ಜಾಗವೇ ಇರುವುದಿಲ್ಲ. ಹಾಗಿದ್ದರೆ ಬಿಡಾರದವರೆಲ್ಲ ಮಾತಾಡಿಕೊಂಡು, ಫೋಟೋ ವಿಡಿಯೋ ಏರಿಸುವುದನ್ನೂ ಆಟದ ಅಪ್‌ಡೇಟನ್ನೂ ಎಲ್ಲರೂ ಕೆಲಸಕ್ಕೆ ಹೋದ ಹೊತ್ತಿಗೆ ಇಟ್ಟುಕೊಳ್ಳಬೇಕು. ಇದಕ್ಕೆ ಖರ್ಚು ಸೊನ್ನೆ.

ಡಬ್ಬಿ ಇಡುವ ಜಾಗದ ಬಗ್ಗೆಯೂ ಒಂದು ಮಾತು. ಫ್ರಿಜ್ಜಿನ ಹಿಂದೆ, ಟ್ರಂಕುಗಳ ನಡುವೆ ಇಡಬೇಡಿ. ಕಬ್ಬಿಣ ಅಲೆಯನ್ನು ತಡೆಯುತ್ತದೆ. ಕೋಣೆಯ ನಡುವೆ, ಎತ್ತರದಲ್ಲಿ ಇರಲಿ. ರೌಟರಿನಲ್ಲಿ 2.4 ಮತ್ತು 5 ಎಂದು ಎರಡು ಹೆಸರು ಕಂಡರೆ, ಹತ್ತಿರ ಕೂತು ಆಡುವವನು 5ಕ್ಕೆ ಸೇರಲಿ, ಗೋಡೆಯಾಚೆಯವನು 2.4ಕ್ಕೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.4ರ ಹತ್ತಿರವೇ, ಅದು ಉರಿಯುವಾಗ ವೈಫೈ ತೊದಲಿದರೆ ಆಶ್ಚರ್ಯಪಡಬೇಡಿ.

ಇನ್ನು ಪೋರ್ಟು. ‘ಪೋರ್ಟ್ ತೆರೆದರೆ ಆಟ ಜೋರಾಗುತ್ತದೆ’ ಎಂದು ನಮ್ಮ ಹುಡುಗರಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಹೋಟೆಲಿಗೆ ಬೀದಿಯ ವಿಳಾಸ ಒಂದೇ. ಒಳಗೆ ಮೇಜುಗಳು ಅನೇಕ. ಪೋರ್ಟ್ ಎಂದರೆ ಮೇಜಿನ ನಂಬರು. ಒಳಗಿನವನು ಆರ್ಡರ್ ಕೊಟ್ಟಿದ್ದರೆ ಉತ್ತರ ಯಾವ ಮೇಜಿಗೆ ಹೋಗಬೇಕೆಂದು ರೌಟರಿಗೆ ಗೊತ್ತಿರುತ್ತದೆ. ಫೋನಿನ ಆಟಗಳೆಲ್ಲ ಸಾಮಾನ್ಯವಾಗಿ ಈ ಬಗೆಯವು. ಅವಕ್ಕೆ ಏನೂ ತೆರೆಯಬೇಕಿಲ್ಲ. ನಮ್ಮ ಕಂಪ್ಯೂಟರಿನಲ್ಲೇ ಆಟದ ಸರ್ವರ್ ನಡೆಸಿ ಹೊರಗಿನವರನ್ನು ಕರೆಯುವುದಾದರೆ ಮಾತ್ರ ಆ ಒಂದು ನಂಬರು ತೆರೆಯಬೇಕು. ಅದೂ ಎಲ್ಲ ಕಡೆ ನಡೆಯುವುದಿಲ್ಲ. ಹಳೆಯ ಮಾದರಿಯ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ; ಅವು ಸಾಲದೆ ಅನೇಕ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ವಿಳಾಸ ಹಂಚುತ್ತವೆ. ಆಗ ನಾವು ಎಷ್ಟು ಪೋರ್ಟ್ ತೆರೆದರೂ ಲಾಡ್ಜಿನ ಕೆಳಬಾಗಿಲು ಮುಚ್ಚಿರುವಾಗ ಕೋಣೆಯ ಬಾಗಿಲು ತೆರೆದಿಟ್ಟಂತೆ. ಡಿ.ಎಂ.ಜೆಡ್. ಎಂಬುದನ್ನಂತೂ ಮುಟ್ಟಲೇಬೇಡಿ, ಅದು ಒಂದು ಯಂತ್ರವನ್ನು ಬೀದಿಯಲ್ಲಿ ಕೂರಿಸುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇವೆ: ಬೀಗದ ಕೈ ಯಾರಲ್ಲಿದೆ? ಬೀಗ ಎರಡು. ವೈಫೈಗೆ ಸೇರುವ ಪಾಸ್‌ವರ್ಡ್ ಒಂದು, ರೌಟರಿನ ಪುಟ ತೆರೆಯುವ ಪಾಸ್‌ವರ್ಡ್ ಇನ್ನೊಂದು. ಎರಡನೆಯದು ಬಹಳ ಕಡೆ ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬುದೇ ಆಗಿ ಉಳಿದಿದೆ. 2016ರಲ್ಲಿ ಮಿರಾಯ್ ಎಂಬ ಕಳ್ಳ ತಂತ್ರಾಂಶ ಅರವತ್ತರಷ್ಟು ಇಂಥ ಪಾಸ್‌ವರ್ಡುಗಳನ್ನೇ ಹಿಡಿದುಕೊಂಡು ಲಕ್ಷಾಂತರ ಕ್ಯಾಮೆರಾ, ರೌಟರುಗಳ ಒಳಗೆ ಹೊಕ್ಕಿತು. ಆ ಅಕ್ಟೋಬರಿನಲ್ಲಿ ಅಮೇರಿಕದ ದೊಡ್ಡ ದೊಡ್ಡ ತಾಣಗಳೇ ತಾಸುಗಟ್ಟಲೆ ನಿಂತುಹೋದವು. ಆದ್ದರಿಂದ ಇವತ್ತೇ ಬದಲಿಸಿ. ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಡಬ್ಲ್ಯುಪಿಎಸ್ ಆರಿಸಿ.

ಕನೆಕ್ಷನ್ನು ನಮ್ಮಲ್ಲೊಬ್ಬನ ಆಧಾರ್ ಮೇಲೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಪಕ್ಕದ ಪಾನಿನ ಅಂಗಡಿಯವನಿಗೆ ಸ್ನೇಹಕ್ಕೆ ಕೊಟ್ಟ ಪಾಸ್‌ವರ್ಡಿನಿಂದ ಯಾರೋ ಮೋಸ ಮಾಡಿದರೆ, ಪೊಲೀಸರು ಮೊದಲು ಕೇಳಿಕೊಂಡು ಬರುವುದು ಹೆಸರಿರುವವನನ್ನೇ. ನೆಂಟರಿಷ್ಟರಿಗೆ ಗೆಸ್ಟ್ ವೈಫೈ ಕೊಡಿ, ಹೋದಮೇಲೆ ಆರಿಸಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆ ಮಾಡಿ ನಿಷೇಧಿಸಿದೆ. ಪಗಾರ ಕಳೆದುಕೊಂಡವರನ್ನು ನಾವು ಬಲ್ಲೆವು; ಅಂಥ ಆಟಕ್ಕೆ ನಮ್ಮ ತಂತಿ ಬೇಡ. ಉಳಿದ ಆಟ ಆಡಲಿ. ಹದಿನಾಲ್ಕು ತಾಸು ಪ್ಲೇಟು ತೊಳೆದ ಹುಡುಗ ಒಂದು ತಾಸು ನಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕೆಲವು ಬಿಡಾರಗಳಲ್ಲಿ ರೌಟರಿನ ಬೀಗದ ಕೈ ಧಣಿಯ ಬಳಿ ಇದೆ. ಅವರು ಮನಸ್ಸು ಬಂದಾಗ ರಾತ್ರಿ ಆರಿಸುತ್ತಾರೆ. ಬಿಲ್ಲು ನಾವು ಕಟ್ಟುವಲ್ಲಿ ಕೈಯೂ ನಮ್ಮಲ್ಲೇ ಇರಬೇಕೆಂದು ಮರ್ಯಾದೆಯಿಂದ ಕೇಳೋಣ, ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ. ಮುಂದಿನ ರಜೆಯ ದಿನ ಪ್ರತಿ ಬಿಡಾರದಿಂದ ಇಬ್ಬರು ಬನ್ನಿ. ಒಬ್ಬರು ಹಿರಿಯರು, ಒಬ್ಬ ಆಟ ಆಡುವ ಹುಡುಗ. ರೌಟರಿನ ಪುಟವನ್ನು ಅವನು ತೆರೆಯಲಿ, ಭಟ್ಟರ ಅರ್ಜಿಯನ್ನೂ ಅವನೇ ತುಂಬಿ ಕಳಿಸಲಿ.