ಸಣ್ಣವರ ಚರಿತ್ರೆ
(ಗಿಣಿಗೇರಾದಲ್ಲಿ ನೀಡಿದ ಪ್ರವಚನ)



ಚರಿತ್ರೆ ಎಂದೊಡನೆ ನಮಗೆ ನೆನಪಾಗುವವರು ರಾಜರು, ದಂಡನಾಯಕರು. ಕೋಟೆಯನ್ನು ಯಾರು ಕಟ್ಟಿಸಿದರು, ಯಾರು ಗೆದ್ದರು ಎಂದು ಕೇಳುತ್ತೇವೆ. ಅದರ ಕಲ್ಲು ಹೊತ್ತವರು ಮಧ್ಯಾಹ್ನ ಏನು ಉಂಡರು ಎಂದು ಯಾರೂ ಕೇಳುವುದಿಲ್ಲ. ಅವರ ಹಸಿವೂ ಚರಿತ್ರೆಯೇ ಅಲ್ಲವೇ?

ನೀವು ಜಾತ್ರೆಗೆಂದು ಕೊಪ್ಪಳಕ್ಕೆ ಹೋಗುತ್ತೀರಿ. ಅಲ್ಲಿಯ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನವು. ಬರೆಹ ಕಣ್ಣ ಮುಂದೆಯೇ ಇತ್ತು, ಓದುವವರಿರಲಿಲ್ಲ. 1931ರಲ್ಲಿ ಅವು ವಿದ್ವಾಂಸರ ಗಮನಕ್ಕೆ ಬಂದವು. ಅದರಲ್ಲಿ ಏನಿದೆ? ಸದ್ಗತಿ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಪಡೆಯಬಲ್ಲ ಎಂಬ ಭಾವವಿದೆ. ಚಕ್ರವರ್ತಿಯೇ ಸಣ್ಣವನನ್ನು ಮರೆಯಲಿಲ್ಲ, ನಾವು ಮರೆತೆವು.

1112ರಲ್ಲಿ ಇಟಗಿಯ ಮಹಾದೇವ ದೇವಾಲಯವನ್ನು ಕಟ್ಟಿಸಿದ ದಂಡನಾಯಕನ ಹೆಸರು ಶಾಸನದಲ್ಲಿದೆ. ಅದೇ ಶತಮಾನದ ಶರಣರ ಹೆಸರುಗಳನ್ನು ನೋಡಿರಿ: ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ. ಹೆಸರಿನಲ್ಲಿಯೇ ಕಾಯಕ. ನಮ್ಮ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಹೆಚ್ಚು ತಂದರು. ಲಕ್ಕಮ್ಮ ತಾಯಿ ಒಪ್ಪಲಿಲ್ಲ, ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದರು. ಬಡವರ ಮನೆಯ ಹಿಡಿ ಅಕ್ಕಿಯ ಮಾತು ಎಂಟುನೂರು ವರ್ಷ ಉಳಿದು ಬಂದಿದೆ!

ಇನ್ನು ಮೊನ್ನೆಯ ಮಾತು. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ಕೊಪ್ಪಳ ಸಾಲಾರ್ ಜಂಗರ ಜಹಗೀರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕೊಪಣವನ್ನೂ ಹೆಸರಿಸುತ್ತದೆ. ಅಂಥ ನಾಡಿನಲ್ಲಿ ಕಚೇರಿಯ ಭಾಷೆ ಉರ್ದು. ಉರ್ದು ಬಾರದ ರೈತ ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಬೇಕಾಗಿತ್ತು. ಆಗ ಕನ್ನಡವನ್ನು ಕಾಯ್ದವರಾರು? ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಹಾಡಿದ ನಿಮ್ಮ ಅವ್ವಂದಿರು, ಅಜ್ಜಿಯರು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿಂತಿತು. ಹೊಲಗಳಿಗೆ ನೀರು ಬಂತು, ಎಷ್ಟೋ ಊರುಗಳು ಮುಳುಗಿದವು. ಅಣೆಕಟ್ಟಿನ ಅಳತೆ ಪುಸ್ತಕದಲ್ಲಿದೆ. ಹುಟ್ಟಿದ ಮನೆ ಬಿಟ್ಟು ಬಂದವರ ಕಣ್ಣೀರು ಯಾವ ಪುಸ್ತಕದಲ್ಲಿದೆ?

ಬೀಸುವ ಕಲ್ಲು ಈಗ ಹಿತ್ತಲು ಸೇರಿದೆ. ಹಾಡು ಬಲ್ಲವರು ಊರಿಗೆ ಒಬ್ಬರೋ ಇಬ್ಬರೋ. ಆದ್ದರಿಂದ ಒಂದು ಕೆಲಸ ಹೇಳುತ್ತೇನೆ. ಇಂದು ರಾತ್ರಿ ಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿರಿ. ನೀರು ಎಲ್ಲಿಂದ ತರುತ್ತಿದ್ದಿರಿ, ಬರಗಾಲದಲ್ಲಿ ಏನು ಉಂಡಿರಿ, ಕೂಲಿ ಎಷ್ಟು ಸೇರು ಜೋಳ ಎಂದು ಕೇಳಿರಿ. ಮಕ್ಕಳ ಕೈಯಿಂದ ಬರೆಸಿರಿ.

ಕಲ್ಲಿನ ಬರೆಹ ಎರಡು ಸಾವಿರ ವರ್ಷ ನಮಗಾಗಿ ಕಾಯ್ದಿತು. ಅಜ್ಜಿಯ ನೆನಪು ಅಷ್ಟು ಕಾಯಲಾರದು.